ಈ ಬ್ಯಾಸಿಗ್ಯಾಗ ಏನ್ ಓದ್ಲಾಕತ್ತೀರಿ? ನಮ್ಮ ಕಡೀದೇ ಇರಬೇಕು

ತೊಗರಿ ಕಣಜ | ಕಲಬುರಗಿ

ಶರಣ್ರೀ ಎಲ್ಲರಿಗೂ. ಬಿಸಿಲು ಶುರು ಆಗ್ಯಾದ. ಹನ್ನೊಂದು ಹೊಡದ ಮ್ಯಾಲ ಹೊರಗ ಕಾಲಿಡಂಗಿಲ್ಲ. ಸಂಜಿ ಐದರ ತನಕ ಶಾಬಾದಿ ಪರಸಿ ಮ್ಯಾಲ ಬೆನ್ನು ಹಚ್ಚಿ ಬೀಳೋದು, ಎದಿ ಮ್ಯಾಲ ಒಂದು ಪುಸ್ತಕ ಇಟ್ಕೊಳ್ಳೋದು, ಇಷ್ಟೇ ಕೆಲಸ. ಅದಕ್ಕ ಕೇಳ್ಲಾಕತ್ತೀನಿ, ನೀವೆಲ್ಲ ಈಗ ಏನ್ ಓದ್ಲಾಕತ್ತೀರಿ?

ಒಂದು ಷರತ್ತದ. ಪುಸ್ತಕ ನಮ್ಮ ಕಡೀದಿರಬೇಕು. ಇಲ್ಲಿಯವರು ಬರದದ್ದಾದ್ರೂ ಆಗಲಿ, ಇಲ್ಲೀದರ ಬಗ್ಗೆ ಬರದದ್ದಾದ್ರೂ ಆಗಲಿ. ಹೋದ ತಿಂಗಳು ಕಪಾಟು ಹಸನ ಮಾಡಿದೆ. ನಲವತ್ತು ಕಾದಂಬರಿ ಅದಾವ, ಮೂವತ್ತರಾಗ ಮಳಿ ಬರ್ತದ. ಅಡಕಿ ತ್ವಾಟ, ಕಂಬಳಿಕೊಪ್ಪಿ, ಹಂಡೆ ಒಲಿ, ಜಿಗಣಿ. ನಾ ಜನ್ಮದಾಗ ಜಿಗಣಿ ನೋಡಿಲ್ಲ. ಆದ್ರ ಅದು ಕಾಲಿಗಿ ಹತ್ತಿದ್ರ ಸುಣ್ಣ ಹಚ್ಚಬೇಕಂತ ಗೊತ್ತದ! ತೊಗರಿ ರಾಶಿ ಮಾಡೋದು ಒಂದು ಪುಟ ಓದಿದ್ದು ನೆನಪಿಲ್ಲ.

ನಂದು ನಾ ಮೊದಲ ಹೇಳ್ತೀನಿ. ಗೀತಾ ನಾಗಭೂಷಣ ಅವರ 'ಬದುಕು'. 2004ರಾಗ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ನಮ್ಮ ಸಾವಳಗಿ ಊರಿನ ಹೆಣಮಗಳು, ಎಂಎಸ್‌ಕೆ ಮಿಲ್ಲಿನ ಕಾರ್ಮಿಕನ ಮಗಳು. ಇಷ್ಟು ವರ್ಷ ಬರೇ ಹೆಸರು ಕೇಳಿ ಬಿಟ್ಟಿದ್ದೆ, ನಾಚಿಕಿ ಆಗ್ತದ. ಸೂಪರ್ ಮಾರ್ಕೆಟಿನ ಹಂತೇಕ ತಳ್ಳುಗಾಡ್ಯಾಗ ಹಳಿ ಪ್ರತಿ ಸಿಕ್ತು, ಎಂಬತ್ತು ರೂಪಾಯಿ.

ನಾ ಒಬ್ಬನೇ ಓದವಲ್ಲೆ. ಅವ್ವ ಎರಡನೇ ಇಯತ್ತೆ ಓದ್ಯಾಳ, ಈಗ ಕಣ್ಣೂ ಮಂದ. ಆಕಿ ಮಧ್ಯಾಹ್ನ ಮರದಾಗ ತೊಗರಿಬ್ಯಾಳಿ ಹಾಕ್ಕೊಂಡು ಹಸನ ಮಾಡ್ಕೋತ ಕೂಡ್ತಾಳ, ನಾ ಗಟ್ಟಿಯಾಗಿ ಓದ್ತೀನಿ. ಬೈಗಳ ಬಂದ ಕಡಿ ನನ್ನ ದನಿ ತಾನಾಗೇ ಸಣ್ಣ ಆಗ್ತದ. ಅವ್ವ ಬೆರಳ ಸಂದ್ಯಾಗಿನ ಹಳ್ಳು ಹಂಗೇ ಹಿಡದು, "ಗಟ್ಟಿ ಓದೋ, ಅದೇನ್ ಮಂತ್ರ ಏನು" ಅಂತಾಳ. ಒಂದೆರಡು ಕಡಿ ನಾ ತಪ್ಪು ಎಳದು ಓದಿದ್ದಕ್ಕ ಆಕೀನೇ ತಿದ್ದಿ ಅಂದು ತೋರ್ಸಿದಳು. ಆಕಿ ಅಂದ ಮ್ಯಾಲ ಆ ಬೈಗಳಕ್ಕ ಜೀವ ಬಂತು.

ತೊಂದರಿ ಏನಂದ್ರ, 112ನೇ ಪುಟ ಆದ ಮ್ಯಾಲ 129 ಬರ್ತದ. ಹೊಲಿಗಿ ಬಿಚ್ಚಿ ಒಂದು ಫಾರಂ ಎಲ್ಲೋ ಉದುರಿ ಹೋಗ್ಯಾದ. ಹದಿನಾರು ಪುಟ. ಅವ್ವ ಮುಂದ ಓದ್ಲಾಕ ಬಿಡವಲ್ಲಳು. ಯಾರ ಹಂತೇಕರ ಈ ಪುಸ್ತಕ ಇದ್ರ ಹೇಳ್ರಿ.

ಬಿದರಿ ಹುಕ್ಕಾ | ಬೀದರ

ಯಾನ್ ಛಲೋ ಪ್ರಶ್ನೆ ಕೇಳಿದ್ರಿ ಕಾಕಾ. ನಾ ಓದ್ಲತ್ತಿದ್ದು ರಷ್ಯಾದವನ ಬುಕ್ಕು, ಷರತ್ತಿಗಿ ಬರ್ತದೋ ಇಲ್ಲೋ ನೀವೇ ಹೇಳ್ರಿ.

ಅಫನಾಸಿ ನಿಕಿತಿನ್ ಅಂತ ವ್ಯಾಪಾರಿ, ತ್ವೇರ್ ಊರಿನವ. 1470ರ ಆಸುಪಾಸು ಒಂದು ಕುದುರಿ ತಗೊಂಡು ಹಿಂದೂಸ್ತಾನಕ್ಕ ಬಂದಾನ. ಜುನ್ನರದಾಗ ಖಾನ ಆ ಕುದುರಿ ಕಸ್ಕೊಂಡ. ಹ್ಯಾಂಗೋ ಬಿಡಿಸ್ಕೊಂಡು ನಮ್ಮ ಬೀದರಕ್ಕ ಬಂದು ಮಾರ್ಯಾನ. ಆಗ ಇಲ್ಲಿ ಬಹಮನಿ ಸುಲ್ತಾನರು, ಮಹಮೂದ್ ಗವಾನನ ಕಾಲ. ಅರಮನಿಗಿ ಏಳು ಬಾಗಿಲ ಇದ್ವಂತ, ಒಂದೊಂದು ಬಾಗಿಲಿಗಿ ನೂರು ಕಾವಲಿನವರು, ನೂರು ಕಾರಕೂನರು. ಒಳಗ ಹೋದವರ ಹೆಸರು ಒಬ್ಬ ಬರೀತಾನ, ಹೊರಗ ಬಂದವರದು ಇನ್ನೊಬ್ಬ. ನಾ ಕಿಲ್ಲಾದಾಗ ನೂರು ಸಲ ಅಡ್ಡಾಡೀನಿ. ಈಗ ಆ ದರವಾಜಾದಾಗ ನಿಂತ್ರ ಕಿವ್ಯಾಗ ಕಾರಕೂನರ ಲೇಖಣಿ ಸಪ್ಪಳ ಕೇಳ್ದಂಗ ಆಗ್ತದ.

ಮತ್ತ ಕೇಳ್ರಿ. ಬೀದರದ ಸನೇಕ ಶೇಖ್ ಅಲಾವುದ್ದೀನನ ಹೆಸರಿಲೆ ವರ್ಷಕ್ಕೊಮ್ಮಿ ದೊಡ್ಡ ಜಾತ್ರಿ ಕೂಡ್ತದ, ಇಪ್ಪತ್ತು ಸಾವಿರ ಕುದುರಿ ಮಾರಾಟಕ್ಕ ಬರ್ತಾವ ಅಂತ ಬರ್ದಾನ. ಅದು ನಮ್ಮ ಆಳಂದ ಅಂತಾರ ತಿಳದವರು. ಅಲ್ಲೊಂದು ಹಕ್ಕಿ ಅದ, ಹೆಸರು ಗುಕೂಕ್, ರಾತ್ರಿ ಹಾರ್ತದ, ಯಾರ ಮನಿ ಮಾಳಿಗಿ ಮ್ಯಾಲ ಕೂಡ್ತದೋ ಆ ಮನ್ಯಾಗ ಒಬ್ಬರು ಸಾಯ್ತಾರ, ಹೊಡಿಲಾಕ ಹೋದ್ರ ಬಾಯಿಂದ ಬೆಂಕಿ ಉಗುಳ್ತದ!

ಗೂಗಿ ರೀ ಅದು. ನಮ್ಮ ಆಯಿ ಇವತ್ತಿಗೂ ಗೂಗಿ ಒದರಿದ್ರ ಎದ್ದು ಕೂಡ್ತಾಳ. ಬೆಂಕಿ ಸುದ್ದಿ ಮಾತ್ರ ಆಕಿಗಿ ಗೊತ್ತಿದ್ದಿಲ್ಲ, ಮೊನ್ನಿ ಓದಿ ಹೇಳ್ದೆ. "ಹೌದೇನು!" ಅಂತ ಬಾಯಿ ಮ್ಯಾಲ ಸೆರಗು ಇಟ್ಕೊಂಡಳು. ಈಗ ಇನ್ನೂ ಹೆಚ್ಚು ಅಂಜ್ತಾಳ. ನಂದೇ ತಪ್ಪು.

ನಾ ಓದಿದ್ದು ಇಂಗ್ಲಿಷಿನ್ಯಾಗ, 1857ರಾಗ ಹಕ್ಲೂಟ್ ಸೊಸೈಟಿಯವರು ಹಾಕಿದ್ದು. ಇಂಟರ್ನೆಟ್ ಆರ್ಕೈವದಾಗ ಪುಕ್ಕಟ್ ಅದ. ನಿಕಿತಿನ್ ಊರು ಮುಟ್ಟಲಿಲ್ಲ, ಹಾದ್ಯಾಗೇ ಸತ್ತ.

ತೊಗರಿ ಕಣಜ | ಕಲಬುರಗಿ

ಷರತ್ತಿಗಿ ಬರ್ತದೋ ತಮ್ಮಾ, ಬಂದೇ ಬರ್ತದ. ಗೂಗಿ ನಮ್ಮದದ ಅಂದ್ಮ್ಯಾಲ ಪುಸ್ತಕನೂ ನಮ್ಮದೇ.

ವರ್ಗಾವಣೆ | ಕಲಬುರಗಿ (ಮೂಲ ಮೈಸೂರು)

ನಮಸ್ಕಾರ. ಬ್ಯಾಂಕ್ ಕೆಲಸದ ಮೇಲೆ ಇಲ್ಲಿಗೆ ಬಂದು ಒಂದೂವರೆ ವರ್ಷ ಆಯ್ತು. ಮೊದಲು ತಪ್ಪೊಪ್ಪಿಗೆ: ನನ್ನ ಕಪಾಟಿನಲ್ಲಿ ನಲವತ್ತಕ್ಕೆ ನಲವತ್ತರಲ್ಲೂ ಮಳೆ ಇದೆ.

'ಬದುಕು' ನನ್ನ ಹತ್ರ ಇದೆ. ಜತೆಯಲ್ಲಿ ಕೆಲಸ ಮಾಡೋರು ಕೊಟ್ಟಿದ್ದು. ಆದ್ರೆ ಹದಿನೈದು ಪುಟಕ್ಕೆ ನಿಲ್ಲಿಸಿಬಿಟ್ಟೆ. ಭಾಷೆ ಕೈಗೇ ಸಿಗ್ತಿರಲಿಲ್ಲ. ನಿಜ ಹೇಳಬೇಕು ಅಂದ್ರೆ ಒಂಚೂರು ಸಿಟ್ಟೂ ಬಂತು, ಇದನ್ನ ಎಲ್ಲರಿಗೂ ಅರ್ಥ ಆಗೋ ಕನ್ನಡದಲ್ಲಿ ಬರೀಬಹುದಿತ್ತಲ್ಲ ಅಂತ. ಬೇಜಾರು ಮಾಡ್ಕೋಬೇಡಿ, ಓದುಗಳಾಗಿ ಅನ್ನಿಸಿದ್ದು ಹೇಳ್ತಿದೀನಿ. ಪುಟಗಳ ಫೋಟೋ ಖಂಡಿತ ಕಳಿಸ್ತೀನಿ.

ಕಾಗಿಣಾ ದಂಡಿ | ಸೇಡಂ

ಮೇಡಂ, ಬ್ಯಾಸರ ಯಾಕ್ ಮಾಡ್ಕೋಬೇಕು. ನಿಮ್ಮ ಸಿಟ್ಟು ಭಾಳ ಹಳಿ ಸಿಟ್ಟದ, ಹನ್ನೊಂದು ನೂರು ವರ್ಷಕ್ಕೂ ಹೆಚ್ಚಿಂದು. ನಾ ಈಗ ಓದ್ಲಾಕತ್ತಿದ್ದು 'ಕವಿರಾಜಮಾರ್ಗ'. 2020ರ ಫೆಬ್ರವರಿಯಾಗ ಕಲಬುರಗಿ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಯೂನಿವರ್ಸಿಟಿ ಬಯಲಿನ ಧೂಳಿನ್ಯಾಗ, ಅಲ್ಲಿ ರಿಯಾಯ್ತಿ ಅಂತ ತಗೊಂಡಿದ್ದೆ. ಮುಂದಿನ ತಿಂಗಳ ಲಾಕ್‌ಡೌನ್ ಬಂತು. ಆಗ ಓದಿದ್ರ ಆಗ್ತಿತ್ತು. ಓದಲಿಲ್ಲ. ಈಗ ಆರು ವರ್ಷ ಆದ ಮ್ಯಾಲ ಕೈಗಿ ಬಂದಾದ.

ಇದು ಸಿಕ್ಕಿರೋದ್ರಾಗ ಕನ್ನಡದ ಮೊಟ್ಟಮೊದಲ ಗ್ರಂಥ, 850ರ ಆಸುಪಾಸಿಂದು, ಶ್ರೀವಿಜಯ ಬರದದ್ದು, ರಾಷ್ಟ್ರಕೂಟರ ನೃಪತುಂಗನ ಆಸ್ಥಾನದಾಗ. ಆ ಆಸ್ಥಾನ ಎಲ್ಲಿತ್ತು? ಮಾನ್ಯಖೇಟ. ಅಂದ್ರ ನಮ್ಮ ಮಳಖೇಡ. ನಮ್ಮ ಮನಿಯಿಂದ ಬಸ್ಸಿಗಿ ಅರ್ಧ ತಾಸಿನ ದಾರಿ. ನಾ ಕಾಲೇಜಿಗಿ ಹೋಗೋವಾಗ ದಿನಾ ಅದರ ಮುಂದೇ ಹಾದು ಹೋಗ್ತಿದ್ದೆ, ಸಿಮೆಂಟಿನ ಧೂಳಿಗಿ ಮೂಗು ಮುಚ್ಕೊಂಡು. "ಕಾವೇರಿಯಿಂದಮಾ ಗೋದಾವರಿವರಮಿರ್ದ" ಅಂತ ಸಾಲಿ ಗ್ವಾಡಿ ಮ್ಯಾಲ ಬರದಿದ್ದು ಓದ್ತಿದ್ದೆ, ಅದು ಈ ಕಾಗಿಣಾ ದಂಡಿ ಮ್ಯಾಲೇ ಹುಟ್ಟಿದ ಮಾತು ಅಂತ ಒಬ್ಬ ಮಾಸ್ತರೂ ಹೇಳಲಿಲ್ಲ.

ಈಗ ನಿಮ್ಮ ಸಿಟ್ಟಿಗಿ ಬರ್ತೀನಿ. ಅದರಾಗ ಒಂದು ಪದ್ಯ ಹಿಂಗ ಮುಗೀತದ: "ವಾಸುಗಿಯುಮಱಿಯಲಾಱದೆ ಬೇಸಱುಗುಂ ದೇಸಿ ಬೇಱೆ ಬೇಱಪ್ಪುದಱಿಂ". ಕನ್ನಡದಾಗ ಊರಿಗೊಂದು ದೇಸಿ ಅದ, ಇದು ಸರಿ ಇದು ತಪ್ಪು ಅಂತ ಹೇಳ್ಲಾಕ ಹೋದ್ರ ಸಾವಿರ ಹೆಡಿ ವಾಸುಗಿಗೂ ಬ್ಯಾಸರ ಬರ್ತದ ಅಂತ. ವಾಸುಗಿಗೇ ಬ್ಯಾಸರ ಬಂದಾದ, ನಿಮಗ ಬಂದ್ರ ಏನ್ ತಪ್ಪು?

ನಂದೊಂದು ಮಾತು: ಕಣ್ಣಿಲೆ ಓದಬ್ಯಾಡ್ರಿ, ಬಾಯಿಲೆ ಓದ್ರಿ. ನಿಮ್ಮ ಬ್ಯಾಂಕಿನ್ಯಾಗ ಪಾಸ್‌ಬುಕ್ ಹಿಡ್ಕೊಂಡು ಬರೋ ಆಯಿ ಮಾತಾಡಿದ್ದು ನಿಮಗ ತಿಳೀತದಲ್ಲ. ಅದೇ ಭಾಷೆ ಇದು.

ವರ್ಗಾವಣೆ | ಕಲಬುರಗಿ (ಮೂಲ ಮೈಸೂರು)

ಆಯಿ ಹೇಳೋದು ತಿಳಿಯತ್ತೆ ಸರ್. "ರೊಕ್ಕ ಬಂದಾದೇನವ್ವಾ" ಅಂತ ಕೇಳಿದ್ರೆ ಈಗ ನಾನೇ "ಇನ್ನಾ ಬಂದಿಲ್ರಿ" ಅಂತೀನಿ. ಗಟ್ಟಿಯಾಗಿ ಓದಿ ನೋಡ್ತೀನಿ. ಅಕ್ಕಪಕ್ಕದ ಮನೆಯವರು ಏನಂದ್ಕೋತಾರೋ ಗೊತ್ತಿಲ್ಲ.

ಗೈಡ್ ಹುಳ | ಯಾದಗಿರಿ

ಅಣ್ಣೋರೆ, ಅಕ್ಕೋರೆ, ನಾ ಸ್ಪರ್ಧಾತ್ಮಕ ಪರೀಕ್ಷೆಗಿ ಓದ್ಲಾಕತ್ತ ಹುಡುಗ. ಮೂರು ವರ್ಷ ಆಯ್ತು, ಗೈಡು ಬಿಟ್ರ ಬ್ಯಾರೆ ಓದಿಲ್ಲ. ದಿನಕ್ಕ ಅರ್ಧ ತಾಸು ಸಿಗ್ತದ, ರೂಮಿನ್ಯಾಗ ಉಳಿದವರು ಮಲಗಿದ ಮ್ಯಾಲ. ಸಣ್ಣ ಪುಸ್ತಕ ಯಾವುದರ ಹೇಳ್ರಿ. ರೊಕ್ಕನೂ ಭಾಳಿಲ್ಲ.

ಬಿದರಿ ಹುಕ್ಕಾ | ಬೀದರ

ಕರ್ವಾಲೊ.

ವರ್ಗಾವಣೆ | ಕಲಬುರಗಿ (ಮೂಲ ಮೈಸೂರು)

ಕರ್ವಾಲೊ! ಒಂದೇ ರಾತ್ರಿಗೆ ಮುಗಿಯತ್ತೆ.

ತೊಗರಿ ಕಣಜ | ಕಲಬುರಗಿ

ಮತ್ತ ಮಳಿ! ಪುಸ್ತಕ ಭಾರಿ ಛಲೋ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಯಾರು ಏನ್ ಕೇಳಿದ್ರೂ ಕರ್ವಾಲೊ ಅನ್ನೋ ಚಟ ಬಿಡ್ರಿ.

ತಮ್ಮಾ, ನಿನ್ನ ಜಿಲ್ಲೇದಾಗೇ ಅದ ನಿನ್ನ ಪುಸ್ತಕ. ಸುರಪುರ ಸೀಮ್ಯಾಗ ಮುದನೂರು ಅಂತ ಊರದ ನೋಡು, ದೇವರ ದಾಸಿಮಯ್ಯನ ಊರು. ನೇಕಾರ. ಅವನ ವಚನ ಎಲ್ಲ ಸೇರಿ ಇನ್ನೂರರ ಒಳಗ. ಒಂದೊಂದು ನಾಲ್ಕೈದು ಸಾಲು, ಒಂದು ಕಪ್ ಚಾ ಕುಡಿಯೋದ್ರಾಗ ಮೂರು ಓದಬಹುದು. ವಚನ ಸಂಚಯ ಅಂತ ಜಾಲತಾಣ ಅದ, ಅದರಾಗ ಎಲ್ಲಾ ವಚನಕಾರರದು ಪುಕ್ಕಟ್ ಸಿಗ್ತಾವ.

ಗೈಡ್ ಹುಳ | ಯಾದಗಿರಿ

ದೇವರ ದಾಸಿಮಯ್ಯ, ಅಂಕಿತ ರಾಮನಾಥ. ಒಂದು ಅಂಕದ ಪ್ರಶ್ನೆ ಅದು. ಬಾಯಿಪಾಠ ಅದ. ವಚನ ಒಂದೂ ಓದಿಲ್ಲ ಖರೆ.

ಟೇಲರ್ ಮಂಜಿಲ್ | ಸುರಪುರ

ಸುರಪುರದ ಹೆಸರು ಬಂತು, ಸುಮ್ನಿರಲಾಕ ಆಗಲಿಲ್ಲ. ನಾ ಓದಿ ಮುಗಿಸಿದ್ದು ಫಿಲಿಪ್ ಮೆಡೋಸ್ ಟೇಲರನ ಆತ್ಮಕತಿ, 1877ರಾಗ ಅವ ಸತ್ತ ಮ್ಯಾಲ ಅಚ್ಚಾಗಿದ್ದು. ನಿಜಾಮನ ನೌಕರಿಯಾಗಿದ್ದ ಇಂಗ್ಲಿಷಿನವ. 1841ರಿಂದ 1853ರ ತನಕ ನಮ್ಮ ಸುರಪುರದಾಗೇ ಇದ್ದ. ರಾಜಾ ವೆಂಕಟಪ್ಪ ನಾಯಕ ಆಗ ಸಣ್ಣ ಹುಡುಗ, ಟೇಲರಗ "ಅಪ್ಪಾ" ಅಂತಿದ್ದ. ಗುಡ್ಡದ ಮ್ಯಾಲಿನ ಅವನ ಬಂಗ್ಲೆ ಇವತ್ತಿಗೂ ಅದ, ನನ್ನ ಹೆಸರು ಅಲ್ಲಿಂದೇ ತಗೊಂಡಿದ್ದು.

ಓದ್ಲಾಕ ಹಿಡಿಸ್ತದ. ಅರಮನಿ ಜಗಳ, ರಾಣಿ ಈಶ್ವರಮ್ಮನ ಕಾರಭಾರ, ಸಾಲ, ಕೆರಿ ಕಟ್ಟಿಸಿದ್ದು. ಆಮ್ಯಾಲ 1858. ವೆಂಕಟಪ್ಪ ನಾಯಕ ಕಂಪನಿ ವಿರುದ್ಧ ತಿರುಗಿ ಬಿದ್ದು ಸೆರಿ ಸಿಕ್ಕ, ಸಾಗಿಸೋವಾಗ ಪಿಸ್ತೂಲಿನಿಂದ ತಾನೇ ಹೊಡ್ಕೊಂಡ ಅಂತ ಟೇಲರ ಬರೀತಾನ. ಆ ಪುಟ ಓದುವಾಗ ಕೈ ನಡುಗಿದ್ದು ಖರೆ.

ಭೀಮಾ ತೀರ | ಶಹಾಪುರ

ಟೇಲರ ಬರದಾನ ಅಂತ ನಂಬಬೇಕೇನು? ನಮ್ಮ ಹಿರ್ಯಾರು ಹೇಳೋದು ಬ್ಯಾರೇನೇ ಅದ. ರಾಜಾ ತಾನಾಗಿ ಸಾಯೋ ಮನಷ್ಯಾ ಅಲ್ಲ. ಬಿಳಿಯಾಂವ ಬರದ ಬುಕ್ಕಿಗಿ ನಮ್ಮ ಕಡಿ ಪುಸ್ತಕ ಅಂತ ಹೆಸರಿಡಬ್ಯಾಡ್ರಿ ದಯಮಾಡಿ.

ಟೇಲರ್ ಮಂಜಿಲ್ | ಸುರಪುರ

ಅಣ್ಣಾ, ನಂಬು ಅಂತ ನಾ ಎಲ್ಲಿ ಹೇಳೀನಿ? ಓದು ಅಂದೀನಿ. ಅವ ಸಾಯೋ ಹೊತ್ತಿನ್ಯಾಗ ಅಲ್ಲಿರಲಿಲ್ಲ, ಕೇಳಿದ್ದು ಬರದಾನ. ನಿನ್ನ ಹಿರ್ಯಾರೂ ಕೇಳಿದ್ದೇ ಹೇಳ್ಯಾರ. ಎರಡೂ ಮಗ್ಗಲಾಗ ಇಟ್ಟು ನೋಡೋಣು. ನಿನ್ನ ಕಡಿ ಇರೋ ಕತಿ ಒಂದು ಹಾಳ್ಯಾಗ ಬರದು ಇಡು ಮಾರಾಯಾ, ಇಲ್ಲಂದ್ರ ನೂರು ವರ್ಷಕ್ಕ ಟೇಲರಂದೇ ಉಳೀತದ. ಅದೇ ಟೇಲರ ನಮ್ಮ ರಾಜನಕೋಳೂರಿನ ಕಲ್ಲಿನ ಗೋರಿ ಬಗ್ಗೆನೂ ಬರದಾನ. ನಮ್ಮವರು ಆಗ ಅಲ್ಲಿ ದನ ಕಟ್ಟತಿದ್ದರೋ ಏನೋ.

ಭೀಮಾ ತೀರ | ಶಹಾಪುರ

ಬರೀತೀನಿ. ಮುತ್ಯಾ ಊರಾಗಿದ್ದಾನ, ಅಮಾಸಿಗಿ ಹೋಗ್ತೀನಿ. ಬುಕ್ಕಿನ ಲಿಂಕೂ ಕಳಸು. ಬೈಲಾಕರ ಓದಬೇಕಲ್ಲ.

ರೋಜಾ ಗಲ್ಲಿ | ಕಲಬುರಗಿ

ಸಲಾಂ, ಶರಣು, ನಮಸ್ಕಾರ ಎಲ್ಲರಿಗೂ. ನಾನು ಷರತ್ತು ಮುರೀತೀನಿ, ಕಾಕಾ ಮಾಫಿ ಮಾಡಬೇಕು. ಬಾನು ಮುಷ್ತಾಕ್ ಅವರ ಕತೆಗಳನ್ನು ಎರಡನೇ ಸಲ ಓದುತ್ತಿದ್ದೇನೆ. ಮೊದಲ ಸಲ ಇಂಗ್ಲಿಷಿನಲ್ಲಿ ಓದಿದ್ದೆ, ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕತೆಗಳ ಸಂಕಲನ, 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಅದು. ಈಗ ಕನ್ನಡದಲ್ಲಿ.

ಅವರು ಹಾಸನದವರು. ಕತೆಗಳೂ ಆ ಕಡೆಯವು, ಮಳೆನೂ ಇರಬಹುದು. ಆದರೆ ಅಡುಗೆಮನೆ ನಮ್ಮದೇ. ಅಮ್ಮಿ, ಖಾಲಾ, ಬಾಗಿಲ ಹಿಂದೆ ನಿಂತು ಮಾತು ಕೇಳಿಸಿಕೊಳ್ಳುವ ಹೆಂಗಸರು. ನಮ್ಮ ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಕಲಬುರಗಿ ಕನ್ನಡ, ಬರೆಯುವಾಗ ಈಗ ಬರೆಯುತ್ತಿದ್ದೇನಲ್ಲ ಈ ಪಠ್ಯಪುಸ್ತಕದ ಕನ್ನಡ. ನೋಡಿ, ಬೇರೆ ಬರುವುದೇ ಇಲ್ಲ. ಇಂಗ್ಲಿಷ್ ಅನುವಾದದಲ್ಲಿ ಉರ್ದು, ಕನ್ನಡ ಪದಗಳನ್ನು ಅಡಿಟಿಪ್ಪಣಿ ಹಾಕದೆ, ಓರೆ ಅಕ್ಷರವನ್ನೂ ಮಾಡದೆ ಹಾಗೇ ಬಿಟ್ಟಿದ್ದಾರೆ. ಅದು ನನಗೆ ಭಾಳ ಸೇರಿತು. ಲಂಡನ್ನಿನವರು ತಿಳಿದುಕೊಂಡು ಓದಿ ಬಹುಮಾನ ಕೊಟ್ಟರು. ಮೈಸೂರು ಮೇಡಂ, ನಿಮ್ಮನ್ನು ಕುಟುಕುತ್ತಿಲ್ಲ!

'ಒಮ್ಮೆ ಹೆಣ್ಣಾಗು ಪ್ರಭುವೇ' ಓದಿದ ರಾತ್ರಿ ಅಮ್ಮಿಗೆ ಕತೆ ದಖ್ಖನಿಯಲ್ಲಿ ಹೇಳಿದೆ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಸ್ಕು ಕೈಸಾ ಮಾಲೂಮ್" ಅಂದಳು. ಇವಳಿಗೆ ಹೇಗೆ ಗೊತ್ತಾಯಿತು ಅಂತ.

ವರ್ಗಾವಣೆ | ಕಲಬುರಗಿ (ಮೂಲ ಮೈಸೂರು)

ಕುಟುಕಿದ್ದು ತಾಗಿದೆ ಮೇಡಂ, ಒಪ್ಕೊಂಡೆ.

ಏಕತಾರಿ | ಯಡ್ರಾಮಿ

ಎಲ್ಲರೂ ಓದೋ ಪುಸ್ತಕ ಹೇಳಿದ್ರಿ. ನಾ ಕೇಳೋ ಪುಸ್ತಕ ಹೇಳ್ತೀನಿ. ಕಡಕೋಳ ಮಡಿವಾಳಪ್ಪನವರ ತತ್ವಪದ. ಕಡಕೋಳ ನಮ್ಮ ತಾಲೂಕಿಂದೇ. ಅವರ ಶಿಷ್ಯರಾಗ ಚೆನ್ನೂರ ಜಲಾಲಸಾಹೇಬರು ಅದಾರ, ಖೈನೂರ ಕೃಷ್ಣಪ್ಪ ಅದಾರ. ಜಾತಿ ಹೆಸರು ಹಿಡದು ಎಣಿಸಲಾಕ ಹೋದ್ರ ಎಣಿಕಿನೇ ತಪ್ಪತದ.

ನಮ್ಮ ಮುತ್ಯಾಗ ಅಕ್ಷರ ಬರ್ತಿದ್ದಿಲ್ಲ. ಅಮಾಸಿ ರಾತ್ರಿ ಭಜನಿಗಿ ಕೂತರ ಕೋಳಿ ಕೂಗೋ ತನಕ ಪದ ಹೇಳತಿದ್ದ, ಒಂದು ಪದ ಎರಡು ಸಲ ಬರ್ತಿರಲಿಲ್ಲ. ಸೇಡಂ ಸರ್, ನಿಮ್ಮ ಕವಿರಾಜಮಾರ್ಗದಾಗ "ಕುರಿತೋದದೆಯುಂ" ಅಂತ ಅದಲ್ಲ, ಓದದೇನೇ ಕಾವ್ಯ ಬಲ್ಲವರು ಅಂತ? ಅದು ಓದಿದಾಗೆಲ್ಲ ನನಗ ಮುತ್ಯಾನ ದಮ್ಮಡಿ ಕಾಣತದ. ಮುತ್ಯಾ ಹೋದ ಮ್ಯಾಲ ಅಚ್ಚಾದ ಪುಸ್ತಕ ತಂದೆ. ಹಾಡ್ಲಾಕ ಹೋದ್ರ ಹೊಂದವಲ್ದು. ಅಚ್ಚಿನ್ಯಾಗ ಒಂದು ಸಾಲದ, ಮುತ್ಯಾನ ಬಾಯಾಗ ಅದೇ ಸಾಲು ಬ್ಯಾರೆ ಇತ್ತು. ಯಾವುದು ಖರೆ ಅಂತ ಮೊದಮೊದಲ ತಲಿ ಕೆಡಿಸ್ಕೊಂಡೆ. ಈಗ ಪುಸ್ತಕದ ಅಂಚಿನ್ಯಾಗ ಸೀಸ ತಗೊಂಡು ಮುತ್ಯಾನ ಪಾಠ ಬರ್ಕೋತ ಹೊಂಟೀನಿ. ಇಪ್ಪತ್ತೆಂಟು ಪದ ಆಗ್ಯಾವ. ಉಳದವು ನೆನಪಿಗಿ ಬರವಲ್ವು, ಹಾಡ್ತಾ ಹಾಡ್ತಾ ಒಮ್ಮೊಮ್ಮಿ ಬರ್ತಾವ.

ಕಾಗಿಣಾ ದಂಡಿ | ಸೇಡಂ

ಸರ್, ಆ ಪುಸ್ತಕ ಯಾರಿಗೂ ಎರವು ಕೊಡಬ್ಯಾಡ್ರಿ. ಮೊದಲ ಅದರ ಫೋಟೋ ತಗೀರಿ. ಇವತ್ತೇ.

ಗೈಡ್ ಹುಳ | ಯಾದಗಿರಿ

ಕಾಕಾ, ದಾಸಿಮಯ್ಯ ಶುರು ಮಾಡ್ದೆ. "ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ, ಸುಳಿದು ಬೀಸುವ ವಾಯು ನಿಮ್ಮ ದಾನ" ಅಂತ ಅದ. ನಿನ್ನಿ ರಾತ್ರಿ ಕರೆಂಟ್ ಹೋಗಿತ್ತು, ಮಾಳಿಗಿ ಮ್ಯಾಲ ಮೊಬೈಲ್ ಬೆಳಕಿನ್ಯಾಗ ಓದ್ದೆ. ಒಂದು ಎಲಿನೂ ಅಳ್ಳಾಡ್ತಿದ್ದಿಲ್ಲ. ಸುಳಿದು ಬೀಸುವ ವಾಯು ಎಲ್ಲದ ಅಂತ ನಗು ಬಂತು. ಆಮ್ಯಾಲ ಎರಡರ ಸುಮಾರಿಗಿ ಒಂದು ಸಣ್ಣ ಗಾಳಿ ಬಂತು ನೋಡ್ರಿ, ಎದ್ದು ಮತ್ತೊಮ್ಮಿ ಓದ್ದೆ. ಹನ್ನೊಂದು ವಚನ ಆಗ್ಯಾವ. ಮ್ಯಾಥ್ಸು ಉಳೀತು.

ವರ್ಗಾವಣೆ | ಕಲಬುರಗಿ (ಮೂಲ ಮೈಸೂರು)

ಕಾಕಾ, ನನ್ನ ಪ್ರತಿ ಬೇರೆ ಮುದ್ರಣ ಅನ್ಸತ್ತೆ, ಪುಟಸಂಖ್ಯೆ ಹೊಂದ್ತಿಲ್ಲ. ನಿಮ್ಮ 112ನೇ ಪುಟದ ಕೊನೇ ಸಾಲು, 129ರ ಮೊದಲ ಸಾಲು ಫೋಟೋ ಕಳಿಸಿ, ಹುಡುಕಿ ಕೊಡ್ತೀನಿ. ಅಂದಹಾಗೆ ಗಟ್ಟಿಯಾಗಿ ಓದಕ್ಕೆ ಶುರು ಮಾಡಿದೀನಿ. ಮೊದಲ ದಿನ ಪಕ್ಕದ ಮನೆ ವೈನಿ ಗೋಡೆ ಆಚೆಯಿಂದ "ಯಾರಿಗಿ ಬೈಲಾಕತ್ತೀರಿ ಮೇಡಂ" ಅಂದ್ರು. ಈಗ ಅವರೇ ರೊಟ್ಟಿ, ಪುಂಡಿಪಲ್ಯ ತಗೊಂಡು ಬಂದು ಕೂತ್ಕೋತಾರೆ. ಎಪ್ಪತ್ತನೇ ಪುಟದಲ್ಲಿದೀವಿ.

ತೊಗರಿ ಕಣಜ | ಕಲಬುರಗಿ

ಎರಡು ದಿನ ಇತ್ತ ಬರಲಾಕ ಆಗಲಿಲ್ಲ, ಮಾಫ್ ಮಾಡ್ರಿ. ಮೇಡಂ ಕಳಿಸಿದ ಪುಟ ಎಲ್ಲ ಬಂದ್ವು, ನಿನ್ನಿ ಮಧ್ಯಾಹ್ನ ಮೊಬೈಲಿನ್ಯಾಗೇ ಓದಿ ಮುಗಿಸಿದೆ.

ನಡುವ ಒಂದು ಮಾತು ಆಗ್ಯಾದ, ಹೇಳ್ತೀನಿ. ಪುಟ ಬರೋದಕ್ಕ ತಡ ಆಯ್ತಲ್ಲ, ಅವ್ವ ಎಷ್ಟಂತ ಕಾಯ್ತಾಳ. ಮೊನ್ನಿ ಬ್ಯಾಳಿ ಹಸನ ಮಾಡ್ಕೋತ ಆಕೀನೇ ಶುರು ಮಾಡಿದಳು, "ಹಿಂಗಾಗಿರತದ ನೋಡು" ಅಂತ. ಕತ್ಯಾಗಿನ ಮಂದಿನ್ನೆಲ್ಲ ತಗೊಂಡು, ನಮ್ಮ ಊರಿನ ಒಂದಿಬ್ಬರನ್ನೂ ಅದರಾಗ ಸೇರಿಸಿ, ಒಂದು ತಾಸು ಹೇಳಿದಳು. ಯಾರು ಯಾರ ಮನಿ ಅಂಗಳಕ್ಕ ಬಂದು ನಿಂತ್ರು, ಏನ್ ಅಂದ್ರು, ಆಗ ಒಲಿ ಮ್ಯಾಲ ಏನಿತ್ತು, ಎಲ್ಲಾ. ಮರದಾಗಿನ ಬ್ಯಾಳಿ ಹಂಗೇ ಉಳೀತು.

ನಿನ್ನಿ ಖರೇ ಪುಟ ಓದಿ ಹೇಳಿದ ಮ್ಯಾಲ ಕೇಳಿದೆ, ಹ್ಯಾಂಗದವ್ವಾ ಅಂತ. "ಬರದಾಕಿ ಛಲೋ ಬರದಾಳ" ಅಂದಳು. ಸ್ವಲ್ಪ ತಡದು, "ಒಲಿ ಮ್ಯಾಲ ಏನಿತ್ತು ಅಂತ ಹೇಳಿಲ್ಲ ನೋಡು ಆದ್ರ" ಅಂದು ಮರ ಕೊಡವಿದಳು.

ವರ್ಗಾವಣೆ | ಕಲಬುರಗಿ (ಮೂಲ ಮೈಸೂರು)

ಅಯ್ಯೋ ಕಾಕಾ, ಅಮ್ಮ ಹೇಳಿದ್ದು ರೆಕಾರ್ಡ್ ಮಾಡ್ಕೊಂಡ್ರಾ?

ತೊಗರಿ ಕಣಜ | ಕಲಬುರಗಿ

ಇಲ್ರೀ ಮೇಡಂ. ಫೋನು ಒಳಗ ಖೋಲ್ಯಾಗ ಚಾರ್ಜಿಗಿತ್ತು. ಏಳಬೇಕಂತ ಎರಡು ಸಲ ಅನಿಸ್ತು. ಎದ್ರ ಆಕಿ ನಿಲ್ಲಿಸಿಬಿಡ್ತಾಳ ಅಂತ ಕೂತೇ ಬಿಟ್ಟೆ.